ನಾಲೆ ಏರಿಯ ಮೇಲೊಂದು ಭೂಗೋಳ ಪಾಠ

ನಿಮ್ಮ ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ ಓದುವ ಮಗು ಇದ್ದರೆ, ಇಂದು ಸಂಜೆ ರೇಡಿಯೋ ಹಾಕುವುದಕ್ಕೆ ಮುಂಚೆ ಅದನ್ನು ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿ ನೋಡಿ: ನಮ್ಮ ಮನೆಯ ಮುಂದೆ ಬಿದ್ದ ಮಳೆಯ ನೀರು ಯಾವ ಕಡೆಗೆ ಹರಿಯುತ್ತದೆ, ಹರಿದು ಎಲ್ಲಿ ಸೇರುತ್ತದೆ? ಆಫ್ರಿಕದ ದೊಡ್ಡ ನದಿ ಯಾವುದೆಂದು ಕೇಳಿದರೆ ಥಟ್ಟನೆ ಹೇಳುವ ಮಗು ಇಲ್ಲಿ ತಡವರಿಸುತ್ತದೆ. ಮಗುವನ್ನು ನೋಡಿ ನಗಬೇಡಿ. ಅದೇ ಪ್ರಶ್ನೆಯನ್ನು ನಿಮಗೆ ನೀವೇ ಹಾಕಿಕೊಳ್ಳಿ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಹುಟ್ಟಿ ಬೆಳೆದು, ಕಾವೇರಿಯ ಮಾತು ಬಂದಾಗಲೆಲ್ಲ ದನಿಯೆತ್ತುವ ನಮ್ಮಂಥವರಲ್ಲಿಯೂ, ನಮ್ಮ ಬೀದಿಯ ಚರಂಡಿಗೂ ಆ ಕಾವೇರಿಗೂ ಏನು ನಂಟು ಎಂದು ಬೆರಳಿಟ್ಟು ತೋರಿಸಬಲ್ಲವರು ಬಹಳ ಮಂದಿ ಇಲ್ಲ.

ನಾನು ಓದಿದ್ದು ಮಳವಳ್ಳಿ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ. ನಾಲ್ಕು ಕಡೆಯೂ ನೀರಿರುವ ನೆಲಕ್ಕೆ ದ್ವೀಪವೆಂದು ಹೆಸರು ಎಂಬುದನ್ನು ನಮ್ಮ ಮೇಷ್ಟ್ರು ನಮ್ಮ ಬಾಯಿಂದ ಇಪ್ಪತ್ತು ಸಲವಾದರೂ ಹೇಳಿಸಿದ್ದರು. ಉದಾಹರಣೆ ಕೊಡು ಎಂದರೆ ಸಿಂಹಳ. ಇನ್ನೊಂದು ಎಂದರೆ ಮಡಗಾಸ್ಕರ್. ಅದೇ ವರ್ಷ ನಮ್ಮ ಅಜ್ಜಿ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಶಿವನಸಮುದ್ರದ ರಂಗನಾಥನ ದರ್ಶನಕ್ಕೆ ಹೋಗಿದ್ದಳು. ಸೇತುವೆಯ ಮೇಲೆ ಹೊಳೆ ದಾಟಿದೆವು. “ಮೇಲೆ ಪಟ್ಟಣದಲ್ಲಿರೋನು ಆದಿರಂಗ, ಇವನು ಮಧ್ಯರಂಗ, ಕೆಳಗೆ ಶ್ರೀರಂಗದಲ್ಲಿರೋನು ಅಂತ್ಯರಂಗ ಕಣೋ ಮಗ, ಮೂವರನ್ನೂ ಕಾವೇರಿ ಸುತ್ತುವರಿದವಳೆ” ಎಂದಳು ಅಜ್ಜಿ. ಮೂರು ದ್ವೀಪಗಳನ್ನು, ಹೊಳೆ ಹರಿಯುವ ಕ್ರಮದಲ್ಲಿಯೇ, ಆಕೆ ಹೇಳಿದ್ದಳು. ಆದರೆ ನಾನು ನಿಂತಿದ್ದ ನೆಲ ಮೇಷ್ಟ್ರು ಹೇಳಿಕೊಟ್ಟ ದ್ವೀಪವೇ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಮೀಸೆ ಬಂದಮೇಲೆ. ಅಜ್ಜಿಗೆ ಆ ಪದ ಬೇಕಿರಲಿಲ್ಲ, ಮೇಷ್ಟ್ರಿಗೆ ಆ ಜಾಗ ಬೇಕಿರಲಿಲ್ಲ. ಎರಡನ್ನೂ ಕೂಡಿಸುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಮೇಷ್ಟ್ರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಈ ಬಿರುಕಿಗೆ ಒಂದು ಚರಿತ್ರೆಯಿದೆ.

ಶಾಲೆಗಳು ಬರುವ ಮೊದಲು ನಮ್ಮವರಿಗೆ ಭೂಗೋಳ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಹಳೆಯ ಶಾಸನವೊಂದನ್ನು ತೆಗೆದು ನೋಡಿ: ದಾನ ಕೊಟ್ಟ ಭೂಮಿಗೆ ಮೂಡಲು ಯಾವ ಕೆರೆ, ತೆಂಕಲು ಯಾವ ಮೊರಡಿ, ಪಡುವಲು ಯಾವ ಮರ, ಬಡಗಲು ಯಾವ ಹಳ್ಳ ಎಂದು ಎಲ್ಲೆ ಕಟ್ಟಿ ಹೇಳಿರುವುದನ್ನು ಕಾಣುತ್ತೀರಿ. ಇದೇ ಮುಂದೆ ಶಾನುಭೋಗರ ಕಡತದಲ್ಲಿ ಚಕ್ಕುಬಂದಿಯಾಯಿತು. ದೂರದ ಊರುಗಳ ಅರಿವೂ ಇತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲೊಂದಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆಯಿಂದ ಅದು ಪ್ರಸಿದ್ಧ. ನಾಯಿಯನ್ನು ಒಂದು ಗಳಿಗೆ ಬದಿಗಿಟ್ಟು ಅದರಲ್ಲಿರುವ ಊರುಗಳ ಹೆಸರನ್ನು ನೋಡಿ. ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದದ್ದು ತಕ್ಕೋಲದಲ್ಲಿ, ಅಂದರೆ ಇಂದಿನ ತಮಿಳುನಾಡಿನ ಅರಕ್ಕೋಣದ ಹತ್ತಿರ. ಅದಕ್ಕೆ ಮೆಚ್ಚಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಅವನಿಗೆ ಕೊಟ್ಟದ್ದು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆ 70. ಪುರಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಮದ್ದೂರು ಸೀಮೆಯ ಹಳ್ಳಿಯೊಂದರ ಕಲ್ಲಿನಲ್ಲಿ ಬನವಾಸಿಯಿಂದ ತಕ್ಕೋಲದವರೆಗಿನ ದಕ್ಷಿಣ ದೇಶ ಅಡಗಿ ಕೂತಿದೆ! ಇದಕ್ಕಿಂತ ಒಳ್ಳೆಯ ಭೂಪಟದ ಪಾಠವನ್ನು ಎಲ್ಲಿಂದ ತರಬೇಕು?

ಮಂಡ್ಯ, ಮಳವಳ್ಳಿ ಸೀಮೆಯ ಶಾಸನಗಳನ್ನು 1894ರಲ್ಲಿ ಸಂಪುಟವಾಗಿ ಅಚ್ಚುಹಾಕಿಸಿದವರು ಬಿ. ಎಲ್. ರೈಸ್ ಸಾಹೇಬರು. ಅದೇ ರೈಸರು ವಿದ್ಯಾಇಲಾಖೆಯ ಮುಖ್ಯಸ್ಥರಾಗಿ, 1868ರಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ಹಾಕಿದವರು. ಕೂಲಿಮಠದ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದ ಹಳ್ಳಿಯ ಮಗುವಿಗೆ ಸರ್ಕಾರದ ಶಾಲೆ ಹತ್ತಿರವಾದದ್ದು ಹೀಗೆ. ಒಬ್ಬರ ಕೈಯಲ್ಲಿಯೇ ಹೋಬಳಿಯ ಶಾಲೆಯೂ ಹೋಬಳಿಯ ಶಾಸನವೂ ಇದ್ದುವು. ಆದರೂ ಒಂದು ಇನ್ನೊಂದರೊಳಗೆ ಪಾಠವಾಗಿ ಬರಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಯಾಕೆ ಬರಲಿಲ್ಲ? ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆ ಹುಟ್ಟಿದ್ದು ಮಗುವಿಗಾಗಿ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ಹೊರಟರು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಣಿ ಹಿಡಿದು ಅಳೆಯತೊಡಗಿದರು. ಗೆದ್ದ ನಾಡನ್ನು ತಿಳಿಯಲು, ಕಂದಾಯ ಕಟ್ಟಲು, ದಂಡು ನಡೆಸಲು ಬೇಕಾದ ನಕಾಶೆ ಅದು. ಮಹಾ ಸಾಹಸದ ಕೆಲಸ, ಅನುಮಾನವಿಲ್ಲ. ಆದರೆ ಆ ನಕಾಶೆ ನಾಡನ್ನು ಆಕಾಶದಿಂದ ನೋಡುತ್ತದೆ. ಮಗು ನೋಡುವುದು ನೆಲದಿಂದ. ಗೋಡೆಯ ಮೇಲೆ ಉತ್ತರವೆಂದರೆ ಮೇಲೆ ಎಂದು ಕಲಿತ ಮಗು, ಬಯಲಿನಲ್ಲಿ ಉತ್ತರ ತೋರಿಸು ಎಂದರೆ ತಲೆ ಎತ್ತಿ ಮುಗಿಲು ನೋಡುವುದನ್ನು ನಾನೇ ಕಂಡಿದ್ದೇನೆ.

ಈ ತೊಡಕನ್ನು ಮೊದಲಿಗೆ ಬಿಡಿಸಲೆತ್ನಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿ ಒಬ್ಬ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇವರ್ದಾನ್ ಎಂಬ ಊರಿನಲ್ಲಿದ್ದ ಅವನ ಶಾಲೆಯ ಮಕ್ಕಳನ್ನು ಹತ್ತಿರದ ಒಂದು ಕಣಿವೆಗೆ ಕರೆದೊಯ್ಯುತ್ತಿದ್ದರಂತೆ. ಮಕ್ಕಳು ಕಣಿವೆಯನ್ನು ಕಣ್ಣಾರೆ ನೋಡಿ, ಅಲ್ಲಿಯ ಜೇಡಿಮಣ್ಣನ್ನು ಬುಟ್ಟಿಗಳಲ್ಲಿ ಹೊತ್ತು ತಂದು, ಶಾಲೆಯ ಮೇಜಿನ ಮೇಲೆ ಅದೇ ಕಣಿವೆಯನ್ನು ಕಟ್ಟುತ್ತಿದ್ದರು. ಕಟ್ಟಿ ಮುಗಿಸಿದ ಮೇಲಷ್ಟೇ ಅವರಿಗೆ ನಕಾಶೆ ತೋರಿಸುತ್ತಿದ್ದುದು. ಅಷ್ಟು ಹೊತ್ತಿಗೆ ನಕಾಶೆಯ ಗೆರೆಗಳು ಅವರಿಗೆ ಗುರುತಿನ ಮುಖಗಳಾಗಿರುತ್ತಿದ್ದುವು. ಮುಂದೆ ದೊಡ್ಡ ಭೂಗೋಳಜ್ಞನೆನಿಸಿದ ಕಾರ್ಲ್ ರಿಟ್ಟರ್ ಆ ಶಾಲೆಯನ್ನು ನೋಡಿ ಬಹಳ ಕಲಿತುಕೊಂಡ.

ಸ್ವಿಟ್ಜರ್ಲೆಂಡಿನ ಕಣಿವೆ ಹಾಗಿರಲಿ, ನಮ್ಮ ಸೀಮೆಗೆ ಮರಳೋಣ. ಕಂಠಪಾಠದ ಭೂಗೋಳ ಎಷ್ಟು ಬೇಗ ಹಳಸುತ್ತದೆ ಎಂಬುದಕ್ಕೆ ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿ, ತೊಂಬತ್ತು ಮೈಲಿಗೂ ಮೀರಿದ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೇಸಗೆಯಲ್ಲಿ ಹೊಳೆ ಬಡವಾದಾಗ ಯಂತ್ರ ತಿರುಗುವುದು ಹೇಗೆ? ಮೇಲೆ ಕನ್ನಂಬಾಡಿಯಲ್ಲಿ ನೀರು ಹಿಡಿದಿಡಬೇಕೆಂಬ ಯೋಚನೆಗೆ ಇದೂ ಒಂದು ಕಾರಣ. 1911ರಲ್ಲಿ ಆರಂಭವಾದ ಆ ಕಟ್ಟೆ 1930ರ ದಶಕದ ಮೊದಲಲ್ಲಿ ಮುಗಿಯಿತು. ಅದರಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಕಡೆಗೆ ಬರಬೇಕಾದರೆ ನಡುವೆ ಏರುನೆಲ ಅಡ್ಡವಾಗಿತ್ತು. ಹುಲಿಕೆರೆಯ ಬಳಿ ಸುಮಾರು 1¾ ಮೈಲಿ ಸುರಂಗ ಕೊರೆದು ನೀರನ್ನು ಆಚೆಗೆ ದಾಟಿಸಿದರು. ‘ಜಲವಿಭಾಜಕ’ ಎಂಬ ಪದವನ್ನು ಪುಸ್ತಕ ಮಗುವಿನ ಮುಂದಿಡುತ್ತದೆ. ಈ ಕಡೆ ಬಿದ್ದ ಹನಿ ಈ ಹಳ್ಳಕ್ಕೆ, ಆ ಕಡೆ ಬಿದ್ದ ಹನಿ ಆ ಹಳ್ಳಕ್ಕೆ ಎಂದು ನೀರನ್ನು ಪಾಲುಮಾಡುವ ದಿಣ್ಣೆಯೇ ಅದು. ಅದನ್ನು ತೂರಿ ಹೋಗಲೆಂದೇ ಹುಲಿಕೆರೆಯಲ್ಲಿ ಬಂಡೆ ಕೊರೆದದ್ದು ಎಂದರೆ ಮಗು ಆ ಪದವನ್ನು ಸಾಯುವವರೆಗೆ ಮರೆಯಲಾರದು.

ನಾಲೆ ಬಂದಮೇಲೆ ರಾಗಿ, ಹುರುಳಿಯ ಹೊಲಗಳು ಕಬ್ಬು, ಬತ್ತದ ಗದ್ದೆಗಳಾದುವು. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆ ಒಡೆದು ಮಂಡ್ಯ ತಾನೇ ಜಿಲ್ಲೆಯಾಯಿತು. ‘ಮಂಡ್ಯ: ಮೈಸೂರು ಜಿಲ್ಲೆಯ ತಾಲ್ಲೂಕು, ಬೆಳೆ ರಾಗಿ’ ಎಂದು 1930ರಲ್ಲಿ ಬಾಯಿಪಾಠ ಮಾಡಿದ್ದ ಹುಡುಗ ಹತ್ತು ವರ್ಷದೊಳಗೆ ಎರಡು ತಪ್ಪುಗಳನ್ನು ತಲೆಯಲ್ಲಿ ಹೊತ್ತವನಾದ. ಗಡಿಯ ಕಥೆ ಇನ್ನೂ ಸ್ವಾರಸ್ಯ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ, ಪಡುವಲ ಕವಲು ಗಗನಚುಕ್ಕಿಯಾಗಿ, ಮೂಡಲ ಕವಲು ಭರಚುಕ್ಕಿಯಾಗಿ ಧುಮುಕುತ್ತದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ನಡುವಣ ದ್ವೀಪ ಮದರಾಸಿನದು, ಮಳವಳ್ಳಿಯ ದಡ ಮೈಸೂರಿನದು. ಅಜ್ಜಿಯರು ಮಧ್ಯರಂಗನಿಗೆ ಕೈಮುಗಿಯಲು ಪರರಾಜ್ಯಕ್ಕೆ ಹೋಗಿಬರುತ್ತಿದ್ದರು! ಆಮೇಲೆ ಅದು ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಗೆರೆ ಎರಡು ಸಲ ಹೆಸರು ಬದಲಿಸಿತು, ನೀರು ತನ್ನ ದಾರಿ ಬಿಡಲಿಲ್ಲ. ಗೆರೆಯನ್ನು ಮೊದಲು ಕಲಿಸಿ ನೀರನ್ನು ಕಲಿಸದೆ ಬಿಡುವುದು ಎಂಥ ಜಾಣತನ?

ಈಗ ನಿಮ್ಮ ರೇಡಿಯೋದ ವಿಚಾರಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಕನ್ನಂಬಾಡಿಯ ನೀರಿನ ಮಟ್ಟವನ್ನು ವಾರ್ತೆಯಲ್ಲಿ ಕೇಳುತ್ತೀರಿ. ತುಂಬಿದ ಕಟ್ಟೆಗೆ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಗೊತ್ತು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಎಂದಾಗ ಮಾತ್ರ ಹಿರಿಯರೂ ಸುಮ್ಮನೆ ತಲೆಯಾಡಿಸುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಚ್ಚುಕಡಮೆ ಎರಡು ಕೊಡ ನೀರು ಎನ್ನಿ. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿ.ಎಂ.ಸಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ಇರುಳು ಹರಿದರೆ ಅಷ್ಟಾಗುತ್ತದೆ. ಕನ್ನಂಬಾಡಿ ಹಿಡಿಯುವುದು 49.45 ಟಿ.ಎಂ.ಸಿ. 1892, 1924ರ ಒಪ್ಪಂದಗಳು, 2007ರ ನ್ಯಾಯಮಂಡಳಿಯ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೇಳಿದ 284.75 ಟಿ.ಎಂ.ಸಿ., ಇವೆಲ್ಲ ಈ ಒಂದು ಅಳತೆಯ ಮೇಲೆ ನಿಂತ ಮಾತುಗಳು. ಅಳತೆ ತಿಳಿಯದ ಮಗು ನಾಳೆ ದೊಡ್ಡದಾಗಿ ಬೀದಿಯಲ್ಲಿ ನಿಂತಾಗ, ಯಾರು ಯಾವ ಅಂಕಿ ಹೇಳಿದರೂ ನಂಬಬೇಕಾಗುತ್ತದೆ. ಗೋಡೆಗೆ ಒಂದು ಹಾಳೆ ಅಂಟಿಸಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನವೂ ಕಟ್ಟೆಯ ಮಟ್ಟವನ್ನು ಮಗುವಿನ ಕೈಯಲ್ಲೇ ಬರೆಸಿ. ಕೊಡಗಿನಲ್ಲಿ ಮಳೆ ಎಂದು ಕೇಳಿದ ಎಷ್ಟು ದಿನಕ್ಕೆ ಇಲ್ಲಿ ಮಟ್ಟ ಏರಿತು ಎಂಬುದನ್ನು ಅದೇ ಕಂಡುಹಿಡಿಯಲಿ.

ಬೇರೆ ಉಪಾಯಗಳೂ ಇವೆ, ದುಡ್ಡು ಬೇಡದವು. ಮದ್ದೂರಿನದೋ ಮಂಡ್ಯದ್ದೋ ರೈಲುನಿಲ್ದಾಣದ ಹಳದಿ ಹಲಗೆಯ ಕೆಳಗೆ ಸಮುದ್ರಮಟ್ಟದಿಂದ ಊರು ಎಷ್ಟು ಎತ್ತರವೆಂದು ಬರೆದಿರುತ್ತದೆ. ಮೈಸೂರಿಗೆ ಹೋಗುವಾಗ ಒಂದೊಂದು ನಿಲ್ದಾಣದ ಅಂಕಿಯನ್ನೂ ಮಗು ಬರೆದುಕೊಂಡರೆ ನಾಡಿನ ಏರುತಗ್ಗು ಅದರ ಪುಸ್ತಕದಲ್ಲಿ ಮೂಡುತ್ತದೆ. ಮಳವಳ್ಳಿಯವರಿಗೆ ರೈಲಿಲ್ಲ, ಆ ನಷ್ಟವನ್ನು ಜಲಪಾತ ತುಂಬಿಕೊಡುತ್ತದೆ. ಕೆರೆಯ ಜೇಡಿಯಿಂದ ಹಿತ್ತಲಲ್ಲಿ ಊರು ಕಟ್ಟಿಸಿ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲವನ್ನೂ ಇಟ್ಟು ಒಂದು ಚೊಂಬು ನೀರು ಸುರಿಯಲಿ. ನಾಲೆಯ ಬಳಿಗೆ ಮಾತ್ರ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ಉರುಳಿ 30 ಮಂದಿಯನ್ನು ನುಂಗಿದ್ದು ಇದೇ ನಾಲೆ.

ಕಂಡದ್ದನ್ನು ಬರೆದು ಇನ್ನೊಂದು ಊರಿನ ಮಕ್ಕಳಿಗೆ ಕಳಿಸುವುದು ಎಲ್ಲಕ್ಕಿಂತ ನನಗೆ ಪ್ರಿಯವಾದ ಉಪಾಯ. ಫ್ರಾನ್ಸಿನ ದಕ್ಷಿಣದ ಗುಡ್ಡದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ ಸೆಲೆಸ್ತಾನ್ ಫ್ರೇನೆ 1924ರ ಸುಮಾರಿಗೆ ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದಿಟ್ಟ. ಮಕ್ಕಳು ಊರು ಸುತ್ತಿ ಬಂದು ಬರೆದರು, ತಾವೇ ಮೊಳೆ ಜೋಡಿಸಿ ಅಚ್ಚುಹಾಕಿದರು, ಬ್ರಿಟನಿಯ ಕಡಲ ತೀರದ ಶಾಲೆಯೊಂದಕ್ಕೆ ಅಂಚೆಯಲ್ಲಿ ಕಳಿಸಿದರು. ಅಲ್ಲಿಂದ ಉತ್ತರ ಬಂತು. ಗುಡ್ಡ ನೋಡದವರಿಗೆ ಗುಡ್ಡವನ್ನು, ಕಡಲು ನೋಡದವರಿಗೆ ಕಡಲನ್ನು ತಿಳಿಸಬೇಕಾದಾಗ ಮಕ್ಕಳು ತಮ್ಮ ಊರನ್ನೇ ಹೊಸ ಕಣ್ಣಿನಿಂದ ನೋಡಿದರು. ಮದ್ದೂರಿನ ಮಗುವೊಂದು ಭಾಗಮಂಡಲದ ಮಗುವಿಗೆ ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳ ಬಗ್ಗೆ ಬರೆಯಲಿ. ನಿಮ್ಮಲ್ಲಿ ಮಳೆ ನಿಂತಿತೇ ಎಂದು ಕೇಳಲಿ.

ಹಾಗೆ ಬರೆಯಲು ಕೂತ ನಮ್ಮ ಮೊಮ್ಮಗಳು ಮೊನ್ನೆ ಪೆನ್ಸಿಲು ಕೆಳಗಿಟ್ಟು, “ತಾತ, ನಾಲೆಗೆ ಬಂದ ನೀರು ಮತ್ತೆ ಹೊಳೆಗೆ ಹೋಗುತ್ತಾ?” ಎಂದು ಕೇಳಿದಳು. ನಕಾಶೆ ಹಾಸಿಕೊಂಡು ಇಬ್ಬರೂ ಬೆರಳಿಟ್ಟು ಹುಡುಕಿದೆವು. ಮದ್ದೂರಿನ ಕಡೆಯ ಗದ್ದೆಗಳಿಂದ ಬಸಿದ ನೀರು ಹಳ್ಳ ಹಿಡಿದು ಶಿಂಷೆಗೆ ಬೀಳುತ್ತದೆ. ಶಿಂಷೆ ಮಳವಳ್ಳಿ ತಾಲ್ಲೂಕಿಗೆ ಇಳಿದು, ತನ್ನದೇ ಜಲಪಾತವನ್ನು ಹಾರಿ, ಶಿವನಸಮುದ್ರದಿಂದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಅಂದಮೇಲೆ ಕನ್ನಂಬಾಡಿಯಲ್ಲಿ ನಾಲೆಗೆ ತಿರುಗಿದ ಆ ಹನಿ ಮಧ್ಯರಂಗನನ್ನು ನೋಡದೆಯೇ, ಗಗನಚುಕ್ಕಿಯನ್ನು ತಪ್ಪಿಸಿಕೊಂಡು, ಬೇರೆ ದಾರಿಯಲ್ಲಿ ಹೊಳೆಗೆ ಮರಳುತ್ತದೆ. ಮೊಮ್ಮಗಳು ಅದನ್ನು ಕಾಗದದಲ್ಲಿ ಬರೆದು, ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕಿದಳು.