ಕಿದ್ವಾಯಿ ನಗರದ ಟೇಪ್ ರೆಕಾರ್ಡರುಗಳು

ದೆಹಲಿ ಕನ್ನಡಿಗರ ಬಗ್ಗೆ ಯಾರೇ ಬರೆಯಲಿ, ಕರ್ನಾಟಕ ಸಂಘ ಬರುತ್ತದೆ, ಲೋದಿ ಎಸ್ಟೇಟಿನ ಕನ್ನಡ ಶಾಲೆ ಬರುತ್ತದೆ, ಕರ್ನಾಟಕ ಭವನದ ಊಟವಂತೂ ಬಂದೇ ಬರುತ್ತದೆ. ಬರಲಿ, ತಪ್ಪಿಲ್ಲ. ಆದರೆ ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆಗಳೊಳಗೆ ಈ ಜನ ಸಂಜೆ ಹೊತ್ತು ಏನು ಕೇಳುತ್ತಿದ್ದರು, ಊರನ್ನು ಹೇಗೆ ನೆನೆಯುತ್ತಿದ್ದರು ಅನ್ನುವುದು ಸ್ಮರಣ ಸಂಚಿಕೆಗಳಲ್ಲಿ ಸಿಗುವುದಿಲ್ಲ. ಅದು ಸಿಗುವುದು ಟ್ರಂಕಿನ ತಳದಲ್ಲಿ, ನುಸಿಗುಳಿಗೆಯ ವಾಸನೆ ಹಿಡಿದ ಕ್ಯಾಸೆಟ್ಟುಗಳಲ್ಲಿ. ಹದಿನೈದು ವರ್ಷದಿಂದ ನಾನು ಅಂಥ ಕ್ಯಾಸೆಟ್ಟು, ಸ್ಪೂಲು, ಅವನ್ನು ಹಾಡಿಸುವ ಹಳೇ ಯಂತ್ರಗಳನ್ನು ಒಟ್ಟು ಹಾಕಿ ರಿಪೇರಿ ಮಾಡುತ್ತಾ ಬಂದಿದ್ದೇನೆ. ಓದಿದ್ದು ಎಂ.ಕಾಂ., ಮಾಡಿದ್ದು ಬ್ಯಾಂಕಿನ ಕೆಲಸ. ಸೋಲ್ಡರಿಂಗ್ ಐರನ್ ಕೈಗೆ ಬಂದದ್ದು ಐವತ್ತು ದಾಟಿದ ಮೇಲೆ.

ಊರಿನ ಓದುಗರಿಗೆ ಕಿದ್ವಾಯಿ ನಗರ ಎಲ್ಲಿದೆ ಅಂತ ಮೊದಲು ಹೇಳಬೇಕು. ದಕ್ಷಿಣ ದೆಹಲಿಯಲ್ಲಿ ಏಮ್ಸ್ ಆಸ್ಪತ್ರೆಗೆ ಹತ್ತಿರ, ಐಎನ್ಎ ಮಾರ್ಕೆಟ್ಟಿನ ಮಗ್ಗುಲಲ್ಲಿ, ಅರವಿಂದ ಮಾರ್ಗದ ಆಚೆ ಈಚೆ ಪೂರ್ವ, ಪಶ್ಚಿಮ ಅಂತ ಎರಡು ಭಾಗವಾಗಿರುವ ಕೇಂದ್ರ ಸರ್ಕಾರಿ ನೌಕರರ ಕಾಲೊನಿ ಇದು. ಹೆಸರು ರಫಿ ಅಹಮದ್ ಕಿದ್ವಾಯಿಯವರದು. ಅವರು ನೆಹರೂ ಅವರ ಮೊದಲ ಸಂಪುಟದಲ್ಲಿ ಸಂಪರ್ಕ ಸಚಿವರು, 1954ರಲ್ಲಿ ತೀರಿಕೊಳ್ಳುವಾಗ ಆಹಾರ ಸಚಿವರು. ದೊಡ್ಡ ನಗರಗಳ ನಡುವೆ ರಾತ್ರಿ ವಿಮಾನದಲ್ಲಿ ಟಪಾಲು ಸಾಗಿಸುವ ಏರ್ಪಾಟು 1949ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ. ಕಾಗದಕ್ಕಾಗಿ ಕಾದು ಕೂರುವವರ ಕಾಲೊನಿಗೆ ಟಪಾಲು ಮಂತ್ರಿಯ ಹೆಸರು! ಇದನ್ನು ಯೋಚಿಸಿಯೇ ಇಟ್ಟರೆಂದು ನಾನು ಹೇಳುವುದಿಲ್ಲ, ಆದರೆ ಸರಿಯಾಗಿ ಕೂತಿದೆ.

ಕ್ವಾರ್ಟರ್ಸು ನಮ್ಮ ಮನೆಯವಳ ಹೆಸರಿನಲ್ಲಿತ್ತು. ಆಕೆ ಕೇಂದ್ರ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿದ್ದಳು. ನಾನು ಬ್ಯಾಂಕಿನವ. ದೆಹಲಿಯಲ್ಲಿ ಅಷ್ಟೊಂದು ಕನ್ನಡಿಗ ಬ್ಯಾಂಕಿನವರು ಎಲ್ಲಿಂದ ಬಂದರು ಅನ್ನುವುದಕ್ಕೂ ಒಂದು ಚರಿತ್ರೆ ಇದೆ. 1969ರಲ್ಲಿ ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರ ಆರರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ, ಈ ನಾಲ್ಕೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಶಾಖೆಗಳು ಉತ್ತರಕ್ಕೆ ಹಬ್ಬಿದ ಹಾಗೆ ಉಡುಪಿ, ಮಂಗಳೂರು, ಶಿವಮೊಗ್ಗದ ಹುಡುಗರು ವರ್ಗವಾಗಿ ಬಂದರು. (ಈಗ ಆ ನಾಲ್ಕರಲ್ಲಿ ಕೆನರಾ ಒಂದೇ ಹೆಸರು ಉಳಿಸಿಕೊಂಡಿದೆ. ವಿಜಯಾ 2019ರಲ್ಲಿ, ಉಳಿದೆರಡು 2020ರಲ್ಲಿ ವಿಲೀನವಾದವು.) ಹೀಗೆ ಬಂದವರ ಸಾಮಾನಿನಲ್ಲಿ ಕುಕ್ಕರು, ಹಾಸಿಗೆಯ ಹೋಲ್ಡಾಲು, ಒಂದು ಟೇಪ್ ರೆಕಾರ್ಡರು ಇರಲೇಬೇಕು.

ಟೇಪಿನ ಮೂಲ ಜರ್ಮನಿ. ಫ್ರಿಟ್ಜ್ ಫ್ಲೋಯ್ಮರ್ ಎಂಬಾತ 1928ರಲ್ಲಿ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಬಳಿದು ಅದರಲ್ಲಿ ಧ್ವನಿ ಹಿಡಿಯಬಹುದೆಂದು ತೋರಿಸಿದ. 1935ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪನಿಯ ಮ್ಯಾಗ್ನೆಟೋಫೋನ್ ಬಂತು. ಯುದ್ಧ ಮುಗಿದ ಮೇಲೆ ಅಮೆರಿಕದವರು ಆ ಯಂತ್ರಗಳನ್ನು ತಮ್ಮ ದೇಶಕ್ಕೆ ಕೊಂಡೊಯ್ದರು, 1948ಕ್ಕೆ ಆಂಪೆಕ್ಸ್ ಕಂಪನಿ ತನ್ನದೇ ಯಂತ್ರ ಮಾರಾಟಕ್ಕೆ ತಂದಿತು. ನಮಗೆ ಬೇಕಾದ ಸಂಗತಿ ಇದು: ಹಳೇ 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂಚೂರು. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದಾಗ ಒಂದು ರಾಗವನ್ನು ಅಷ್ಟರೊಳಗೇ ಮುಗಿಸಬೇಕಿತ್ತು. ಏಳು ಇಂಚಿನ ಟೇಪ್ ಸ್ಪೂಲಿನಲ್ಲಿ 1,200 ಅಡಿ ಟೇಪು, ಸೆಕೆಂಡಿಗೆ ಮೂರೂ ಮುಕ್ಕಾಲು ಇಂಚಿನ ವೇಗದಲ್ಲಿ ಒಂದು ಗಂಟೆಯ ಮೇಲೆ ನಾಲ್ಕು ನಿಮಿಷ. ಧಾರವಾಡದ ಕಡೆಯ ಗಾಯಕರಿಗೆ ಉಸಿರಾಡಲು ಜಾಗ ಸಿಕ್ಕಿತು ಅನ್ನಿ.

ಆ ಸ್ಪೂಲು ಯಂತ್ರ ಬಡ ಗುಮಾಸ್ತನ ಕೈಗೆ ಎಟಕುತ್ತಿರಲಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನಲ್ಲೇ ತೋರಿಸಿದ ಪುಟ್ಟ ಕ್ಯಾಸೆಟ್ಟು ಎಲ್ಲವನ್ನೂ ಬದಲಾಯಿಸಿತು. ಅದರ ಹಿಂದಿದ್ದ ಎಂಜಿನಿಯರ್ ಲೂ ಆಟನ್ಸ್ 2021ರಲ್ಲಿ ತೀರಿಕೊಂಡಾಗ ನಾನು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡೆ. ಕನ್ನಡಕ್ಕೆ ಕ್ಯಾಸೆಟ್ಟಿನ ಯೋಗ ಬಂದದ್ದು 1978ರಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ', ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು. ಆಮೇಲೆ ಸಿ. ಅಶ್ವತ್ಥರ ಶರೀಫರ ಪದಗಳು, 'ಮೈಸೂರು ಮಲ್ಲಿಗೆ', ಹಿರಣ್ಣಯ್ಯನವರ ನಾಟಕಗಳು, ಕರಾವಳಿಯವರ ಮನೆಯಲ್ಲಾದರೆ ತಾಳಮದ್ದಳೆ, ಕಾಳಿಂಗ ನಾವಡರ ಭಾಗವತಿಕೆ. ಇವೆಲ್ಲ ದೆಹಲಿ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ರಜೆಗೆ ಊರಿಗೆ ಹೋದವರು ಎರಡು ರಾತ್ರಿಯ ರೈಲು ಪ್ರಯಾಣದಲ್ಲಿ, ಹಪ್ಪಳ ಸಂಡಿಗೆಯ ಡಬ್ಬದ ಜೊತೆ ತರುತ್ತಿದ್ದರು. ಒಂದು ಮನೆಗೆ ಬಂದ 'ನಿತ್ಯೋತ್ಸವ' ತಿಂಗಳೊಳಗೆ ಹತ್ತು ಮನೆಯಲ್ಲಿ ಕಾಪಿಯಾಗುತ್ತಿತ್ತು. ಹಕ್ಕುಸ್ವಾಮ್ಯ ಅಂತ ಒಂದಿದೆ ಅಂತ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಖಾಲಿ ಕ್ಯಾಸೆಟ್ಟಿಗೆ ಮಾತ್ರ ದೆಹಲಿಯಲ್ಲಿ ಬರ ಇರಲಿಲ್ಲ. ದರಿಯಾಗಂಜಿನಲ್ಲಿ ಹಣ್ಣಿನ ರಸದ ಅಂಗಡಿಯವರ ಮಗ ಗುಲ್ಶನ್ ಕುಮಾರ್ 1983ರಲ್ಲಿ ಶುರು ಮಾಡಿದ ಟಿ-ಸೀರೀಸ್, ಎಚ್‌ಎಂವಿಯ ಏಕಸ್ವಾಮ್ಯವನ್ನೇ ಮುರಿದು ಹಾಕಿತು. ಪಾನ್ ಅಂಗಡಿಯಲ್ಲೂ ಕ್ಯಾಸೆಟ್ಟು ಮಾರುವ ಕಾಲ ಬಂತು. ಈ ಬದಲಾವಣೆಯ ಮೇಲೆ ಪೀಟರ್ ಮ್ಯಾನುಯಲ್ ಎಂಬ ವಿದ್ವಾಂಸರು 1993ರಲ್ಲಿ 'ಕ್ಯಾಸೆಟ್ ಕಲ್ಚರ್' ಅಂತ ಒಂದು ಪುಸ್ತಕವನ್ನೇ ಬರೆದರು. ಒಳ್ಳೆಯ ಪುಸ್ತಕ. ಆದರೆ ಅದು ಮಾರಾಟವಾದ ಕ್ಯಾಸೆಟ್ಟುಗಳ ಚರಿತ್ರೆ. ನನ್ನ ಆಸಕ್ತಿ ಮಾರಾಟವಾಗದವುಗಳ ಮೇಲೆ.

ಅಂದರೆ ಮಾತಿನ ಕ್ಯಾಸೆಟ್ಟು. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ತಡವಾದ ಮೇಲೆ ಕಡಿಮೆ ದರ ಅಂತ ಕ್ಯೂ ನಿಂತು, ಕಣ್ಣು ಮೀಟರಿನ ಮೇಲೆ ಇಟ್ಟು ಏನು ಮಾತಾಡಲಿಕ್ಕೆ ಆಗುತ್ತದೆ? "ಹುಷಾರಾಗಿದೀರಾ, ಹುಷಾರಾಗಿದೀವಿ" ಅಷ್ಟೆ. ಕ್ಯಾಸೆಟ್ಟಿನಲ್ಲಾದರೆ ಅಮ್ಮ ಅಡುಗೆಮನೆಯಲ್ಲಿ ಕೂತು ಅರ್ಧ ಗಂಟೆ ಮಾತಾಡಬಹುದು: ದನ ಕರು ಹಾಕಿದ್ದು, ಪಕ್ಕದ ಮನೆಯ ಮದುವೆ ಮುರಿದದ್ದು, ಮಧ್ಯೆ ಒಂದು ದೇವರನಾಮ. ಬರೆಯಲು ಬಾರದ ಅಜ್ಜಿಯಂದಿರಿಗೆ ಇದೊಂದೇ ಕಾಗದ. ಗಲ್ಫಿಗೆ ಹೋದವರ ಮನೆಗಳಲ್ಲಿ ಈ ಪದ್ಧತಿ ಇತ್ತೆಂಬುದು ಎಲ್ಲರಿಗೂ ಗೊತ್ತು. ದೆಹಲಿಯ ಕ್ವಾರ್ಟರ್ಸುಗಳಲ್ಲೂ ಇತ್ತು.

ಈಗ ರಿಪೇರಿಯ ವಿಷಯ. ಹಳೇ ಯಂತ್ರಕ್ಕೆ ನಾನು ಹುಡುಕುವುದು ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟು ಮತ್ತು ಜಾಮಾ ಮಸೀದಿಯ ಸುತ್ತಿನ ಗುಜರಿ ಅಂಗಡಿಗಳು. ನ್ಯಾಷನಲ್ ಪ್ಯಾನಸಾನಿಕ್ ಟೂ-ಇನ್-ಒನ್, ಸೋನಿ, ಫಿಲಿಪ್ಸ್, ಅಪರೂಪಕ್ಕೆ ಒಂದು ಅಕಾಯ್ ಸ್ಪೂಲು ಯಂತ್ರ. ಅಂಗಡಿಯವ "ಚಾಲೂ ಹೈ ಸಾಬ್" ಅಂದರೆ ದೀಪ ಹತ್ತುತ್ತದೆ ಅಂತ ಮಾತ್ರ ಅರ್ಥ. ಒಳಗೆ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ ತೆಗೆಯಲು ಒಂದು ದಿನ, ಅಳತೆಯ ಬೆಲ್ಟು ಹುಡುಕಲು ಒಂದು ತಿಂಗಳು. ಹೆಡ್ಡಿನ ಮೇಲೆ ಕಂದು ಪುಡಿ ಕೂತಿರುತ್ತದೆ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಗಾಲಿ ಗಟ್ಟಿಯಾಗಿರುತ್ತದೆ.

ಕ್ಯಾಸೆಟ್ಟಿಗೂ ಅದರದ್ದೇ ಕಾಯಿಲೆಗಳಿವೆ. ಸಿ-60 ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು, ದಪ್ಪ 18 ಮೈಕ್ರಾನು. ಸಿ-90ರದ್ದು ಇನ್ನೂ ತೆಳ್ಳಗೆ, 12 ಮೈಕ್ರಾನು, ಸ್ವಲ್ಪ ಎಳೆದರೂ ಹಿಗ್ಗುತ್ತದೆ. ಹೆಚ್ಚು ಹೊತ್ತು ಹಿಡಿಯುತ್ತದೆ ಅಂತ ನಮ್ಮ ಜನ ಕೊಂಡದ್ದು ಸಿ-90ನ್ನೇ! ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಬಟ್ಟೆಯ ಪ್ಯಾಡು ಗೋಂದು ಒಣಗಿ ಬಿದ್ದು ಹೋಗಿರುತ್ತದೆ. ಆಗ ಕ್ಯಾಸೆಟ್ಟು ಬಿಚ್ಚಿ, ಎರಡೂ ಚಕ್ರಗಳನ್ನು ಟೇಪಿನ ಸಮೇತ ಎತ್ತಿ, ಬೇರೆ ಒಳ್ಳೆಯ ಡಬ್ಬಿಗೆ ವರ್ಗಾಯಿಸಬೇಕು. ಸ್ಕ್ರೂ ಇದ್ದ ಕ್ಯಾಸೆಟ್ಟಾದರೆ ಸುಲಭ. ಅಂಟಿಸಿದ್ದಾದರೆ ಬ್ಲೇಡಿನಿಂದ ಕೊಯ್ಯಬೇಕು. ಮನೆಯವಳು ಇದಕ್ಕೆ 'ಬೈಪಾಸ್' ಅಂತ ಹೆಸರಿಟ್ಟಿದ್ದಾಳೆ, ಏಮ್ಸ್ ಹತ್ತಿರ ಇದ್ದ ಪರಿಣಾಮ.

ಎಲ್ಲಕ್ಕಿಂತ ಸೂಕ್ಷ್ಮ ಕೆಲಸ ಹೆಡ್ಡಿನ ವಾಲು ಸರಿಪಡಿಸುವುದು. ರೆಕಾರ್ಡು ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಿದ್ದರೆ, ನೆಟ್ಟಗಿರುವ ಹೆಡ್ಡಿನಲ್ಲಿ ಆ ಧ್ವನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ತಿರುಗಿಸುತ್ತಾ ಆ ತಪ್ಪು ಓರೆಗೇ ನಮ್ಮ ಹೆಡ್ಡನ್ನೂ ಹೊಂದಿಸಬೇಕು. ನನ್ನ ಲೆಕ್ಕ ಸುಲಭ: ಮಾತಾಡುವವರ 'ಸ' ಮತ್ತು 'ಶ' ಬೇರೆ ಬೇರೆ ಕೇಳುವವರೆಗೆ ತಿರುಗಿಸುವುದು. ಅದಾದ ಮೇಲೆ ಕಂಪ್ಯೂಟರಿಗೆ ಇಳಿಸುವುದು. ಅದನ್ನು ಯಾವ ಹುಡುಗನೂ ಮಾಡುತ್ತಾನೆ.

ಸರೋಜಿನಿ ನಗರದಲ್ಲಿ ಧಾರವಾಡದ ಕಡೆಯ ನಿವೃತ್ತ ಅಧಿಕಾರಿಯೊಬ್ಬರಿದ್ದರು. ರಾಯಭಾರ ಕಚೇರಿಯವರು ದೇಶ ಬಿಟ್ಟು ಹೋಗುವಾಗ ಮಾರಿದ ಗ್ರುಂಡಿಗ್ ಸ್ಪೂಲು ಯಂತ್ರವೊಂದನ್ನು ಕೊಂಡಿದ್ದರಂತೆ. ಆಕಾಶವಾಣಿ 1952ರಲ್ಲಿ ಶುರು ಮಾಡಿದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶನಿವಾರ ರಾತ್ರಿ ಬರುತ್ತಿತ್ತಲ್ಲ, ಮನ್ಸೂರರು ಹಾಡಿದ ದಿನ ರೇಡಿಯೋದ ಮುಂದೆ ಮೈಕು ಇಟ್ಟು ಹಿಡಿದಿದ್ದರು. ಆ ಸ್ಪೂಲು ನನ್ನ ಕೈಗೆ ಬಂದಾಗ ನನಗೆ ನಿಧಿ ಸಿಕ್ಕಿದಷ್ಟು ಖುಷಿ. ಅವರು ಹೇಳಿದ್ದು: "ಮನ್ಸೂರ್ ಅಣ್ಣಾವ್ರದು ರೇಡಿಯೋದವ್ರ ಹತ್ರ ಇರತದರೀ. ಕೊನೀಗೆ ಎಂಟು ನಿಮಿಷ ನಮ್ಮಪ್ಪ ಮಾತಾಡ್ಯಾನ. ಅದನ್ನ ಉಳಿಸಿ ಕೊಡ್ರಿ, ಸಾಕು." ಟೇಪು ಒಂದೊಂದು ಸಲ ಓಡಿದಾಗಲೂ ಪುಡಿ ಉದುರಿಸುತ್ತಿತ್ತು. ಮೊದಲ ಓಟವೇ ಕೊನೆಯದಾಗಬಹುದು ಅನ್ನಿಸಿ, ಹಿಂದಿನಿಂದ ಸುತ್ತಿ ಆ ಎಂಟು ನಿಮಿಷವನ್ನು ಮೊದಲು ಇಳಿಸಿದೆ. ಮಳೆ, ಹತ್ತಿ ಬೆಲೆ, ಒಂದು ಕೋರ್ಟ್ ಕೇಸು, ಅಷ್ಟೇ ಮಾತು. ರಾಗ ಉಳಿದದ್ದು ಅರ್ಧ. ನಾನು ಆ ಕ್ರಮವನ್ನು ಇಂದೂ ಸರಿ ಅಂತಲೇ ಹೇಳುತ್ತೇನೆ.

ಇನ್ನೊಂದು, ನಮ್ಮ ಬ್ಲಾಕಿನಲ್ಲೇ ಇದ್ದ ಹೆಣ್ಣುಮಗಳೊಬ್ಬರದ್ದು. ಅವರ ತಾಯಿ ಹಾಡಿದ ಹಸೆಹಾಡು, ಬೀಗರ ಹಾಡುಗಳ ಕ್ಯಾಸೆಟ್ಟು. ಅಳಿಸದಿರಲೆಂದು ಹಿಂಬದಿಯ ಪ್ಲಾಸ್ಟಿಕ್ ಚಕ್ಕೆ ಮುರಿದಿದ್ದರು. ಮಗರಾಯ ಆ ತೂತಿಗೆ ಸೆಲ್ಲೋಟೇಪು ಅಂಟಿಸಿ ಒಂದು ಮಗ್ಗುಲಿಗೆ ಹಿಂದಿ ಸಿನಿಮಾ ಹಾಡು ತುಂಬಿಸಿದ್ದ. ಎರಡು ಮಗ್ಗುಲಿನ ಧ್ವನಿ ಟೇಪಿನ ಬೇರೆ ಬೇರೆ ಅರ್ಧಗಳಲ್ಲಿ ಇರುವುದರಿಂದ ಇನ್ನೊಂದು ಮಗ್ಗುಲಿನ ಹನ್ನೊಂದು ನಿಮಿಷ ಬದುಕಿತ್ತು. ಆದರೆ ಬ್ಯಾಟರಿ ಸೋತ ಯಂತ್ರದಲ್ಲಿ ನಿಧಾನವಾಗಿ ಹಿಡಿದದ್ದು, ಸರಿಯಾದ ವೇಗದಲ್ಲಿ ಹಾಕಿದರೆ ಮುದುಕಿ ಎಂಟು ವರ್ಷದ ಹುಡುಗಿಯ ಹಾಗೆ ಹಾಡುತ್ತಿದ್ದಳು. ಕರೆಂಟಿನಲ್ಲಿ ಹಿಡಿದಿದ್ದರೆ ಹಿನ್ನೆಲೆಯ ಗುಂಯ್ ಸದ್ದು ಸೆಕೆಂಡಿಗೆ ಐವತ್ತು ಆವರ್ತ ಇರಬೇಕು, ಅದನ್ನು ನೋಡಿ ವೇಗ ಸರಿ ಮಾಡಬಹುದು. ಬ್ಯಾಟರಿಗೆ ಅಂಥ ಗುರುತಿಲ್ಲ. ಕೊನೆಗೆ ಅವರನ್ನೇ ಪಕ್ಕದಲ್ಲಿ ಕೂರಿಸಿ ವೇಗ ಇಳಿಸುತ್ತಾ ಹೋದೆ. "ಇಲ್ಲ... ಇನ್ನೂ ಸ್ವಲ್ಪ... ಹಾಂ, ಇದು ಅಮ್ಮ." ಕುಕ್ಕರಿನ ಸೀಟಿಯನ್ನು ತೆಗೆಯಲಾ ಅಂತ ಕೇಳಿದೆ. ಬೇಡ ಅಂದರು. ಹಿನ್ನೆಲೆಯ ಸದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೊಳೆದು ಹಾಕುವ ಗೀಳು ಈಗ ಬಹಳ. ತೊಳೆದ ಮೇಲೆ ಉಳಿಯುವ ಧ್ವನಿ ಯಾವ ಮನೆಯದೂ ಅಲ್ಲ.

ಕೆಲಸಕ್ಕೆ ಅವಸರ ಬಂದದ್ದು ಕಾಲೊನಿ ಒಡೆಯುವಾಗ. 2010ರ ದಶಕದಲ್ಲಿ ಪೂರ್ವ ಕಿದ್ವಾಯಿ ನಗರದ ಹಳೇ ಮನೆಗಳನ್ನು ಕೆಡವಿ ಎನ್‌ಬಿಸಿಸಿಯವರು ಎತ್ತರದ ಗೋಪುರಗಳನ್ನು ಕಟ್ಟಿದರು. ಮನೆ ಖಾಲಿ ಮಾಡಿದವರು ದ್ವಾರಕಾ, ನೋಯ್ಡಾ, ಊರು ಅಂತ ಚದುರಿದರು. ಮಹಡಿ ಅಟ್ಟದ ಸಾಮಾನು ಕಬಾಡಿಯವನ ತಕ್ಕಡಿಗೆ ಹೋಯಿತು. ಅವನಿಗೆ ಕ್ಯಾಸೆಟ್ಟು ಅಂದರೆ ಪ್ಲಾಸ್ಟಿಕ್ಕು, ಕಿಲೋ ಲೆಕ್ಕ. ನಾನೂ ಕಿಲೋ ಲೆಕ್ಕದಲ್ಲೇ ಕೊಂಡು ಬಂದೆ. ಎಲ್ಲಕ್ಕೂ ನಂಬರು ಕೊಟ್ಟು ಲೆಡ್ಜರಿನಲ್ಲಿ ಬರೆದಿದ್ದೇನೆ: ಬಂದ ತಾರೀಖು, ಯಾರದ್ದು, ಯಾವ ಕಂಪನಿ ಟೇಪು, ಎಷ್ಟು ನಿಮಿಷ ಉಳಿದಿದೆ, ಯಾರಿಗೆ ಹಿಂದಿರುಗಿಸಿದೆ.

ದೊಡ್ಡ ಸಂಗ್ರಹಗಳು ಇಲ್ಲದೇ ಇಲ್ಲ. ಆಕಾಶವಾಣಿಯದ್ದಿದೆ, 1953ರಲ್ಲಿ ಹುಟ್ಟಿದ ಸಂಗೀತ ನಾಟಕ ಅಕಾಡೆಮಿಯದ್ದಿದೆ, ಗುರುಗ್ರಾಮದಲ್ಲಿ 1982ರ ಅಮೆರಿಕನ್ ಇನ್‌ಸ್ಟಿಟ್ಯೂಟಿನ ಜನಾಂಗೀಯ ಸಂಗೀತದ ಸಂಗ್ರಹಾಲಯವಿದೆ. ಅವು ಕಲಾವಿದರನ್ನು ಕಾಯುತ್ತವೆ, ಕಾಯಲಿ. ಹತ್ತಿ ಬೆಲೆ ಮಾತಾಡಿದ ಅಪ್ಪನನ್ನು ಕಾಯುವುದು ಅವುಗಳ ಕೆಲಸವಲ್ಲ.

ಇದನ್ನು ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ದೆಹಲಿಯಿಂದ ಮಕ್ಕಳು ಕಳಿಸಿದ ಉತ್ತರದ ಕ್ಯಾಸೆಟ್ಟುಗಳು ನಿಮ್ಮ ಅಟ್ಟದಲ್ಲಿರಬಹುದು. ಸಿಕ್ಕ ಕೂಡಲೇ ಹಳೇ ಯಂತ್ರಕ್ಕೆ ತುರುಕಬೇಡಿ, ಟೇಪನ್ನು ನುಂಗಿಬಿಡುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಸ್ಪೀಕರು, ಟಿ.ವಿ. ಪಕ್ಕ ಇಡಬೇಡಿ. ಒಣ ಜಾಗದಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಿ, ಲೇಬಲ್ಲಿನ ಮೇಲೆ ಯಾರ ಧ್ವನಿ ಅಂತ ಪೆನ್ಸಿಲಿನಲ್ಲಿ ಇವತ್ತೇ ಬರೆಯಿರಿ. ನನ್ನ ಲೆಡ್ಜರಿನಲ್ಲಿ 'ಯಾರದ್ದು' ಅನ್ನುವ ಕಾಲಮ್ಮು ಖಾಲಿಯಿರುವ ಕ್ಯಾಸೆಟ್ಟು ಈಗ ನಲವತ್ತೊಂದು ಇವೆ. ಅವುಗಳಲ್ಲಿ ಒಂದರಲ್ಲಿ ಮಲೆನಾಡಿನ ಮಾತಿನ ಅಜ್ಜಿಯೊಬ್ಬಳು "ಪಾಪು, ಅಲ್ಲಿ ಚಳಿ ಅಂತೆ, ಕಿವಿಗೆ ಕಟ್ಕೋ" ಅಂತ ಮೂರು ಸಲ ಹೇಳುತ್ತಾಳೆ. ಪಾಪುವಿನ ಹೆಸರು ಎಲ್ಲೂ ಇಲ್ಲ.