ಮಿಕ್ಸಿ, ವಾಷಿಂಗ್ ಮಷಿನ್ ಸ್ಕ್ರೂ ಹಿಡ್ಕೊಂಡಿದೆಯಾ? ತಲೆ ಸವೆಯೋ ಮೊದಲು ಇಷ್ಟು ತಿಳ್ಕೊಳ್ಳಿ

ತುಮರಿ: ಶರಾವತಿ ಹಿನ್ನೀರಿನ ಊರುಗಳಲ್ಲಿ ಮಿಕ್ಸಿ, ಟೇಬಲ್ ಫ್ಯಾನ್, ವಾಷಿಂಗ್ ಮಷಿನ್ ಕೆಟ್ಟರೆ ಎಷ್ಟೋ ಸಲ ರಿಪೇರಿಗಿಂತ ಸ್ಕ್ರೂ ಬಿಚ್ಚೋದೇ ದೊಡ್ಡ ಕೆಲಸ. ತಿಂಗಳುಗಟ್ಟಲೆ ಮಳೆ, ಒಣಗದ ಗೋಡೆ, ಬಚ್ಚಲ ಪಕ್ಕದಲ್ಲೇ ಮಷಿನ್. ಹೀಗಿದ್ದಾಗ ತಿರುಪು ತುಕ್ಕು ಹಿಡಿಯದೆ ಇರೋದಿಲ್ಲ. ಒಳಗೆ ಕಾರ್ಬನ್ ಬ್ರಷ್ ಸವೆದದ್ದಷ್ಟೇ ಇರಬಹುದು. ಆದರೆ ಸ್ಕ್ರೂ ತಲೆ ಹಾಳಾಗಿ ಬಾಡಿ ಒಡೆದರೆ ಅದೇ ಮಿಕ್ಸಿ ಗುಜರಿಗೆ ಹೋಗುತ್ತೆ.

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಸಾಗರಕ್ಕೆ ಹೋಗಲು ಲಾಂಚ್ ಕಾಯಬೇಕಾಗಿಲ್ಲ. ಆದರೂ ಒಂದು ಸ್ಕ್ರೂಗಾಗಿ ಬಸ್ ಚಾರ್ಜು, ಅರ್ಧ ದಿನದ ಕೆಲಸ ಯಾಕೆ ಹಾಳು ಮಾಡಬೇಕು? ಮನೆಯಲ್ಲೇ ಏನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಇಲ್ಲಿದೆ.

ಯಾಕೆ ಹಿಡಿಯುತ್ತೆ?

ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಸ್ಕ್ರೂ ಮತ್ತು ತೂತಿನ ಥ್ರೆಡ್ ನಡುವೆ ಅದು ಉಬ್ಬಿ ಬಿಗಿಯಾಗುತ್ತೆ. ಅಲ್ಯೂಮಿನಿಯಂ ಭಾಗಕ್ಕೆ ಕಬ್ಬಿಣದ ಸ್ಕ್ರೂ ಹಾಕಿ ಅಲ್ಲಿ ನೀರು ತಾಗಿದರೆ ಇನ್ನೂ ಜೋರಾಗಿ ಕಚ್ಚಿಕೊಳ್ಳುತ್ತೆ. ಮಿಕ್ಸಿಯಲ್ಲಿ ಚಟ್ನಿ ನೀರು, ಉಪ್ಪು ಇಳಿದೂ ಹೀಗಾಗುತ್ತೆ.

ಮೊದಲು ಸುರಕ್ಷತೆ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಪಕ್ಕಕ್ಕಿಡಿ. ವಾಷಿಂಗ್ ಮಷಿನ್, ಪಂಪ್ ಮೋಟಾರಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಕರೆಂಟ್ ಉಳಿದಿರಬಹುದು, ಅದನ್ನು ಮುಟ್ಟಬೇಡಿ. ಮೈಕ್ರೋವೇವ್ ಓವನ್ ಮನೆಯಲ್ಲಿ ಬಿಚ್ಚಲೇಬಾರದು. ಅದರ ಕೆಪಾಸಿಟರ್ ಜೀವ ತೆಗೆಯುವಷ್ಟು ಅಪಾಯ. ಗ್ಯಾಸ್ ಸ್ಟೌ, ರೆಗ್ಯುಲೇಟರ್ ತಿರುಪುಗಳನ್ನೂ ಏಜೆನ್ಸಿ ಮೆಕ್ಯಾನಿಕ್‌ಗೆ ಬಿಡಿ.

ತಿರುಗಿಸೋ ದಿಕ್ಕು ಸರಿಯಿದೆಯಾ?

ಸಾಮಾನ್ಯ ಸ್ಕ್ರೂ ಎಡಕ್ಕೆ ತಿರುಗಿಸಿದರೆ ಸಡಿಲ. ಆದರೆ ಎಲ್ಲವೂ ಹಾಗಲ್ಲ. ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿರುವ ಪ್ಲಾಸ್ಟಿಕ್ ನಟ್ಟು ಸಾಮಾನ್ಯವಾಗಿ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತೆ. ಬಹಳಷ್ಟು ಮಿಕ್ಸಿಗಳಲ್ಲಿ ಮೋಟಾರ್ ಮೇಲಿನ ಕಪ್ಲರ್ ಕೂಡ ಹೀಗೇ. ಇದು ಗೊತ್ತಿಲ್ಲದೆ ಎಡಕ್ಕೆ ಒತ್ತಿದರೆ ಬಿಗಿಯಾಗುತ್ತಾ ಹೋಗುತ್ತೆ, ನೋಡೋರಿಗೆ ಜಾಮ್ ಆಗಿದೆ ಅನಿಸುತ್ತೆ.

ಕ್ರಮವಾಗಿ ಹೀಗೆ ಮಾಡಿ

1. ಸ್ಕ್ರೂ ತಲೆಯ ಗುಂಡಿಯಲ್ಲಿ ಕೂತ ಕೊಳೆ, ತುಕ್ಕನ್ನು ಸೂಜಿ ಅಥವಾ ಹಳೇ ಬ್ರಷ್‌ನಿಂದ ಕೆರೆದು ತೆಗೆಯಿರಿ. ಇದಾಗದೆ ಡ್ರೈವರ್ ಪೂರ್ತಿ ಕೂರೋದಿಲ್ಲ.

2. ಸರಿಯಾದ ಸ್ಟಾರ್ ಡ್ರೈವರ್ ಹುಡುಕಿ. ಹಾಕಿ ಅಲ್ಲಾಡಿಸಿದಾಗ ಲೊಟಲೊಟ ಅಂದರೆ ಅದು ಸಣ್ಣದಾಯಿತು. ಟೆಸ್ಟರ್, ಚಾಕು, ಚಮಚದ ತುದಿ ಹಾಕಬೇಡಿ. ಹೆಚ್ಚಿನ ಸ್ಕ್ರೂ ತಲೆ ಸವೆಯೋದು ಇದರಿಂದಲೇ.

3. ತುಕ್ಕು ಬಿಡಿಸೋ ಎಣ್ಣೆ ಎರಡು ಹನಿ ಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಥರದ್ದು ಆಗುತ್ತೆ, ಇಲ್ಲದಿದ್ದರೆ ಸೀಮೆಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಚಳಿಯಲ್ಲಿ ಗಟ್ಟಿಯಾಗಿ ಅಲ್ಲೇ ನಿಲ್ಲುತ್ತೆ. ಎಣ್ಣೆ ಒಳಗೆ ಇಳಿಯಲು ಟೈಮ್ ಕೊಡಿ, ಅರ್ಧ ಗಂಟೆಯಾದರೂ ಬೇಕು, ರಾತ್ರಿ ಇಡೀ ಬಿಟ್ಟರೆ ಇನ್ನೂ ಒಳ್ಳೇದು. ರಬ್ಬರ್ ವಾಷರ್, ಮೋಟಾರ್ ವೈಂಡಿಂಗ್ ಮೇಲೆ ಬೀಳದಂತೆ ನೋಡ್ಕೊಳ್ಳಿ. ಅಡುಗೆ ಹಾಕುವ ಜಾರಿಗೆ ಸೀಮೆಎಣ್ಣೆ ಹಚ್ಚಲೇಬೇಡಿ.

4. ಡ್ರೈವರ್ ನೇರ ನಿಲ್ಲಿಸಿ ಹಿಡಿಕೆಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕೈದು ಪೆಟ್ಟು ಕೊಡಿ. ತುಕ್ಕಿನ ಹಿಡಿತ ಸಡಿಲುತ್ತೆ. ಪ್ಲಾಸ್ಟಿಕ್ ಬಾಡಿಗೆ ಈ ಪೆಟ್ಟು ಬೇಡ, ಬಿರುಕು ಬಿಡುತ್ತೆ.

5. ತಿರುಗಿಸೋ ಬಲಕ್ಕಿಂತ ಕೆಳಗೆ ಒತ್ತೋ ಬಲ ಜಾಸ್ತಿ ಇರಲಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿ. ಸ್ವಲ್ಪ ಅಲ್ಲಾಡಿದರೂ ಒಂದೇ ಸಲ ಎಳೆಯಬೇಡಿ. ಹಿಂದೆ ಮುಂದೆ ತಿರುಗಿಸ್ತಾ ಎಣ್ಣೆ ಬಿಡ್ತಾ ಹೋಗಿ.

ತಲೆ ಆಗಲೇ ಸವೆದಿದ್ದರೆ

ಸ್ವಲ್ಪ ಮಾತ್ರ ಸವೆದಿದ್ದರೆ ಅಗಲವಾದ ರಬ್ಬರ್ ಬ್ಯಾಂಡ್ ತುಂಡನ್ನು ತಲೆಯ ಮೇಲಿಟ್ಟು ಡ್ರೈವರ್ ಒತ್ತಿ ತಿರುಗಿಸಿ, ಹಿಡಿತ ಸಿಗಬಹುದು. ಎಣ್ಣೆ ಒರೆಸಿದ ಮೇಲೆ ಮಾತ್ರ ಇದು ಕೆಲಸ ಮಾಡೋದು. ತಲೆ ಹೊರಗೆ ಎದ್ದಿದ್ದರೆ ಲಾಕಿಂಗ್ ಪ್ಲೇಯರ್‌ನಿಂದ ಹಿಡಿದು ತಿರುಗಿಸಿ. ಅಥವಾ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಒಂದು ಗೀರು ಕೊಯ್ದು ಚಪ್ಪಟೆ ಡ್ರೈವರ್ ಹಾಕಿ. ಕಬ್ಬಿಣದ ಚೂರು ಮೋಟಾರ್ ಒಳಗೆ ಹೋಗದಂತೆ ಸುತ್ತ ಬಟ್ಟೆ ಮುಚ್ಚಿರಿ. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ಹಿಡಿಯೋದು, ಮೇಣದಬತ್ತಿ ತೋರಿಸೋದು ಯಾವ ಕಾರಣಕ್ಕೂ ಬೇಡ.

ಎಲ್ಲಿಗೆ ನಿಲ್ಲಿಸಬೇಕು?

ಡ್ರೈವರ್ ಎರಡು ಸಲ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಮೂರನೇ ಸಲ ಜಾರಿದರೆ ಡ್ರೈವರಿಗೆ ಹಿಡಿತವೇ ಉಳಿಯೋದಿಲ್ಲ. ಆಮೇಲೆ ಮೆಕ್ಯಾನಿಕ್ ಕೂಡ ತಲೆ ಡ್ರಿಲ್ ಮಾಡಬೇಕಾಗುತ್ತೆ, ಕೂಲಿ ಏರುತ್ತೆ. ಬೈಕ್ ಗ್ಯಾರೇಜ್‌ಗಳಲ್ಲಿ ಸುತ್ತಿಗೆ ಪೆಟ್ಟಿಗೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇರುತ್ತೆ. ಲೋಹದ ಭಾಗದ ಸ್ಕ್ರೂಗೆ ಅಲ್ಲಿ ಕೇಳಿ ನೋಡಬಹುದು. ವಾರಂಟಿ ಇರುವ ವಸ್ತುವನ್ನು ಬಿಚ್ಚೋ ಮೊದಲು ಕಾರ್ಡ್ ಓದಿ, ಸೀಲ್ ಒಡೆದರೆ ಕಂಪನಿಯವರು ಒಪ್ಪದೇ ಇರಬಹುದು.

ಅಂಗಡಿಗೆ ಕೊಡುವಾಗ ಯಾವ ಸ್ಕ್ರೂ ಹಿಡಿದಿದೆ, ಏನೆಲ್ಲ ಪ್ರಯತ್ನ ಆಗಿದೆ ಅಂತ ಮೊದಲೇ ಹೇಳಿ. ಬಿಚ್ಚಿದ ಸ್ಕ್ರೂಗಳನ್ನು ಕಾಗದದಲ್ಲಿ ಕಟ್ಟಿ ಜೊತೆಗೇ ಕೊಡಿ, ಉದ್ದ ಬೇರೆ ಬೇರೆ ಇರುತ್ತೆ.

ಮತ್ತೆ ಹಾಕುವಾಗ

ತುಕ್ಕು ಹಿಡಿದ ಹಳೇ ಸ್ಕ್ರೂ ವಾಪಸ್ ಹಾಕಬೇಡಿ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯ ಹೊಸದು, ಸಿಕ್ಕರೆ ಸ್ಟೀಲಿನದು ತನ್ನಿ. ಲೋಹಕ್ಕೆ ಹೋಗುವ ತಿರುಪಿನ ಥ್ರೆಡ್‌ಗೆ ಚೂರು ಗ್ರೀಸ್ ಸವರಿ. ಪ್ಲಾಸ್ಟಿಕ್‌ಗೆ ಹೋಗುವುದನ್ನು ಕೈಗೆ ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ. ಈ ಕೆಲಸವನ್ನೆಲ್ಲ ಮಳೆ ಹಿಡಿಯೋ ಮೊದಲೇ, ಮೇ ತಿಂಗಳಲ್ಲಿ ಮಾಡಿಟ್ಟುಕೊಂಡರೆ ಅನುಕೂಲ.