ಗುಬ್ಬಿಯ 18 ಬೈಟ್‌ಗಳು

ಇವತ್ತಿನ ಕಥೆ ಗ್ರೆಪ್ ಅನ್ನೋ ಹುಡುಕು ಸಾಧನದ್ದು. 1973ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ಇದನ್ನು ಬರೆದಾಗ ಪಠ್ಯ ಅಂದ್ರೆ ಇಂಗ್ಲಿಷ್, ಅಕ್ಷರಕ್ಕೊಂದು ಬೈಟ್.

ಕನ್ನಡದ ಲೆಕ್ಕ ಬೇರೆ. 1991ರಲ್ಲೇ ಯುನಿಕೋಡ್‌ನಲ್ಲಿ ನಮಗೆ ಜಾಗ ಸಿಕ್ಕಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಗುಬ್ಬಿ’ಯಲ್ಲಿ ಗ, ಕೊಂಬು, ಬ, ಹಲಂತ, ಮತ್ತೆ ಬ, ಗುಡಿಸು: ಒಟ್ಟು 6 ಸಂಕೇತ, 18 ಬೈಟ್. ‘ಕುಣಿಗಲ್’, ‘ತುಮಕೂರು’ ಎರಡಕ್ಕೂ ತಲಾ 21.

ಆದರೆ ಡಿಟಿಪಿ ಅಂಗಡಿಗಳಿಗೆ ಮೊದಲು ಬಂದದ್ದು ಯುನಿಕೋಡ್ ಅಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವುಗಳ ಹಳೇ ಫಾಂಟ್‌ಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದವು. ನುಡಿಯ ‘ಗ’ ಶುರುವಾಗೋದೇ ಇಂಗ್ಲಿಷ್ ‘ಯು’ ಬೈಟ್‌ನಿಂದ!

ಈ ಮೂರು ಊರ ಹೆಸರುಗಳನ್ನೇ ಇಟ್ಟುಕೊಂಡು ನಾನು ಗ್ರೆಪ್ ಪರೀಕ್ಷಿಸಿದೆ. ಯುನಿಕೋಡ್ ಕಡತದಲ್ಲಿ ಮೂರೂ ಸಿಕ್ಕವು. 18 ಬೈಟ್‌ಗಳನ್ನೇ ವಿನ್ಯಾಸವಾಗಿ ಕೊಟ್ಟರೂ ಗುಬ್ಬಿ ಸಿಕ್ಕಿತು. ನುಡಿಯ ಹಳೇ ಕಡತದಲ್ಲಿ ಒಂದೂ ಸಿಗಲಿಲ್ಲ. ಅದರಲ್ಲೇ ಒಂದು ಇಸವಿ ಹುಡುಕಿದೆ. ಸಾಲು ತೋರಿಸೋ ಬದಲು ‘ಬೈನರಿ ಕಡತ ಹೊಂದುತ್ತದೆ’ ಅಂತಷ್ಟೇ ಹೇಳ್ತು. ಯುಟಿಎಫ್-8ಕ್ಕೆ ಒಗ್ಗದ ಬೈಟ್ ಕಂಡರೆ ಅದು ಪಠ್ಯವೇ ಅಲ್ಲ ಅನ್ನೋದು ಅದರ ತೀರ್ಮಾನ. ‘-ಎ’ ಸೇರಿಸಿ ಪಠ್ಯ ಅಂತ ಒಪ್ಪಿಸಬಹುದು. ಆಗಲೂ ‘ಗುಬ್ಬಿ’ ಸಿಗಲ್ಲ, ಯಾಕಂದ್ರೆ ಬೈಟ್‌ಗಳೇ ಬೇರೆ.

ನೋಡಿ, ಹಳೇ ಸ್ಮರಣ ಸಂಚಿಕೆ, ನಡಾವಳಿ, ನಾಟಕದ ಕರಪತ್ರ ಇವೆಲ್ಲ ಇಂಥ ಕಡತಗಳಲ್ಲಿದ್ರೆ ಅವು ಇದ್ದೂ ಇಲ್ಲದಂತೆ. ಯುನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಊರಿನ ಚರಿತ್ರೆ ಹುಡುಕಿದವರ ಕೈಗೆ ಸಿಗುತ್ತೆ.